ಇಪ್ಪತ್ತೆರಡು ಗಂಟೆಯ ಸಿಂಗಪುರ

ಇಪ್ಪತ್ತೊಂಬತ್ತು ವರ್ಷ ವಿಮಾನದ ಟಿಕೆಟ್ ಮಾರಿದ್ದೇನೆ. ಅಷ್ಟು ವರ್ಷದಲ್ಲಿ ಗ್ರಾಹಕರಿಗೆ ಸುಳ್ಳೇ ಹೇಳಿಲ್ಲ ಎಂದರೆ ಅದೇ ಇನ್ನೊಂದು ಸುಳ್ಳಾಗುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕೇ ಸಿಗುತ್ತದೆ ಎಂದಿದ್ದೇನೆ, ವಿಮಾನದ ಸಸ್ಯಾಹಾರಿ ಊಟ ಚೆನ್ನಾಗಿರುತ್ತದೆ ಎಂದೂ ಹೇಳಿದ್ದೇನೆ. ಆದರೆ ಕಣ್ಣೆದುರಿಗಿದ್ದ ವಿಮಾನವನ್ನು ಇಲ್ಲ ಎಂದು ಹೇಳಿದ್ದು ಒಂದೇ ಸಲ. ಅದೂ ಸುಳ್ಳಾಡುವುದಿಲ್ಲ ಎಂದು ಇಡೀ ಜಯಲಕ್ಷ್ಮಿಪುರಂನಲ್ಲಿ ಹೆಸರಾಗಿದ್ದ ಒಬ್ಬ ಸಂಸ್ಕೃತ ವಿದ್ವಾಂಸರಿಗೆ. ಆ ಸುಳ್ಳಿನ ಮೇಲೆ ಒಂದು ಎಡವಟ್ಟನ್ನೂ ಮಾಡಿದೆ. ಅದನ್ನು ಬರೆಯುವುದಕ್ಕೇ ಈ ಪೀಠಿಕೆ.

ಮೊನ್ನೆ ಅಕ್ಕನ ಮಗಳು ಪ್ರವಾಸದ ಕಂಪನಿಯೊಂದಕ್ಕೆ ಸೇರಿದಳು. ‘ಚಿಕ್ಕಮ್ಮ, ಈಗ ಎಲ್ಲಾನೂ ಫೋನೇ ಮಾಡತ್ತೆ. ನಾನು ಅಲ್ಲಿ ಏನು ಮಾಡೋದು?’ ಎಂದು ಕೇಳಿದಳು. ಫೋನು ಯಾವ ವಿಮಾನ ಎಷ್ಟು ಹೊತ್ತಿಗೆ ಎಂದು ಹೇಳುತ್ತದೆ. ಎದುರಿಗೆ ಕೂತಿರುವವರು ನಿಜವಾಗಿ ಎಲ್ಲಿಗೆ ಹೋಗಬೇಕೆಂದಿದ್ದಾರೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ನನಗೂ ತಿಳಿಯಲು ಹತ್ತು ವರ್ಷ ಹಿಡಿಯಿತು.

ನಮ್ಮ ಆಫೀಸು ಜಯಲಕ್ಷ್ಮಿಪುರಂನಲ್ಲಿ ಒಂದು ಔಷಧಿ ಅಂಗಡಿಯ ಮೇಲಿತ್ತು. ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ವಯಸ್ಸಾದ ಗ್ರಾಹಕರು ಮೇಲೆ ಬಂದ ಮೇಲೆ ಟಿಕೆಟ್ ಕೇಳುವ ಮೊದಲು ನೀರು ಕೇಳುತ್ತಿದ್ದರು. ನಾನು ಕೆಸರೆಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದೆ. ಯಜಮಾನರು ಗುರುಮಲ್ಲಪ್ಪನವರು. ತೀರ್ಥಯಾತ್ರೆಯ ಬಸ್ಸು ಓಡಿಸಿ ಮೇಲೆ ಬಂದವರು. ವಿಮಾನ ಕಂಪನಿಗಳ ನಿಯಮಪುಸ್ತಕವನ್ನು ಒಂದು ಪುಟವೂ ಓದಿದವರಲ್ಲ, ಮನುಷ್ಯರನ್ನು ಮಾತ್ರ ಚೆನ್ನಾಗಿ ಓದುತ್ತಿದ್ದರು. ಕೊರಳಲ್ಲಿ ಲಿಂಗ, ಜೇಬಿನಲ್ಲಿ ಕೊಬ್ಬರಿ ಬಿಸ್ಕತ್ತು, ಬಾಯಲ್ಲಿ ಸಲಹೆ, ಈ ಮೂರಿಲ್ಲದೆ ಅವರನ್ನು ನಾನು ಕಂಡಿಲ್ಲ.

ಆಗ ಟಿಕೆಟ್ಟು ಎಂದರೆ ಕೆಂಪು ಕಾರ್ಬನ್ನಿನ ಚಿಕ್ಕ ಪುಸ್ತಕ. ವೇಳಾಪಟ್ಟಿ ಇಟ್ಟಿಗೆಯಷ್ಟು ದಪ್ಪ. ಬೆಂಗಳೂರಿಗೆ ಫೋನ್ ಮಾಡಿ ಸೀಟಿದೆಯೇ ಎಂದು ಕೇಳಿ, ಅವರು ಕಾಯಿರಿ ಎಂದಾಗ ಕಾದು, ಕೂದಲು ನೆರೆಯುತ್ತಿತ್ತು. ದೂರದ ಊರಿಗೆ ಟಿಕೆಟ್ ಮಾಡಿದರೆ ನಡುವೆ ಎಲ್ಲಾದರೂ ಹತ್ತು ಹನ್ನೊಂದು ಗಂಟೆ ಕಾಯುವುದು ಬಂದೇ ಬರುತ್ತಿತ್ತು. ಅದನ್ನು ಹೇಳಿದ ಕೂಡಲೇ ಗ್ರಾಹಕರ ಮುಖ ಸೂತಕದ ಮನೆಯವರ ಮುಖದಂತಾಗುತ್ತಿತ್ತು. ನಾನೂ ತಪ್ಪು ನನ್ನದೇ ಎಂಬಂತೆ ತಲೆ ತಗ್ಗಿಸುತ್ತಿದ್ದೆ.

ಒಂದು ದಿನ ಗುರುಮಲ್ಲಪ್ಪನವರು ಇದನ್ನು ನೋಡಿ ಒಳಗೆ ಕರೆದರು. ‘ಏನ್ ರತ್ನ, ಅನ್ನೊಂದು ಗಂಟೆ ಅಂತ ಯಾಕಮ್ಮ ಅಳ್ತೀಯ? ಮದ್ದೂರಲ್ಲಿ ಇಳಿದು ವಡೆ ತಿನ್ನದೆ ಬೆಂಗ್ಳೂರಿಗೆ ಓಗೋನು ನಮ್ ಕಡೆ ಯಾವನಿದಾನೆ? ಅದೂ ಮದ್ದೂರೇ ಅಂತ ತಿಳ್ಕೊ. ಕುರ್ಚಿ ಮ್ಯಾಲೆ ಯಾಕೆ ಕೂರಿಸ್ತೀಯ, ಊರೊಳಕ್ಕೆ ಬುಟ್ಬುಡು’ ಎಂದರು.

ನನ್ನ ವೃತ್ತಿಯ ವಿದ್ಯಾಭ್ಯಾಸ ಇಷ್ಟೇ. ಅಂದಿನಿಂದ ನಾನು ‘ಕಾಯಬೇಕು’ ಎಂಬ ಪದವನ್ನು ಬಿಟ್ಟೆ. ‘ನಡುವೆ ಒಂದು ಊರು ಸಿಗುತ್ತದೆ’ ಎನ್ನತೊಡಗಿದೆ. ಯಾವ ಊರಿನಲ್ಲಿ ಹೊರಗೆ ಬಿಡುತ್ತಾರೆ, ವೀಸಾ ಬೇಕೇ, ವಿಮಾನ ನಿಲ್ದಾಣದಿಂದ ಪೇಟೆಗೆ ರೈಲಿದೆಯೇ ಎಂದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಇಂಥ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಹೋದ ವರ್ಷ ಬಿಟ್ಟಿದ್ದರು ಎಂದು ಈ ವರ್ಷವೂ ಕಳಿಸಬೇಡಿ, ಪ್ರತಿಸಲ ಹೊಸದಾಗಿ ಓದಿ. ಇನ್ನೊಂದು ಮಾತನ್ನು ಈ ವೃತ್ತಿಗೆ ಬರುವ ಹುಡುಗರು ಬಾಯಿಪಾಠ ಮಾಡಬೇಕು. ಹೊರದೇಶದ ಪ್ರಯಾಣದಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ ಮುಂದಿನ ವಿಮಾನ ಹತ್ತಿದರೆ ದೊಡ್ಡ ಪೆಟ್ಟಿಗೆಗಳು ಸಾಮಾನ್ಯವಾಗಿ ನಿಮ್ಮ ಕೈಗೆ ಬರುವುದಿಲ್ಲ, ನೇರವಾಗಿ ಕೊನೆಯ ಊರಿಗೆ ಹೋಗುತ್ತವೆ. ಇಪ್ಪತ್ತನಾಲ್ಕು ಗಂಟೆ ದಾಟಿದರೆ ಅದು ತಂಗುವಿಕೆ, ಪೆಟ್ಟಿಗೆ ಹೊರಗೆ ಬರುತ್ತದೆ. ಈ ಒಂದು ಗೆರೆಯ ಆಚೆ ಈಚೆ ನಮ್ಮ ವೃತ್ತಿಯ ಎಲ್ಲ ಮಾನ ಅವಮಾನಗಳೂ ಇವೆ.

ಮೊದಲ ಅವಮಾನ ಕುಂಬಾರಕೊಪ್ಪಲಿನ ಒಬ್ಬ ಹೆಂಗಸಿನಿಂದ ಆಯಿತು. ಲಂಡನ್ನಿನಲ್ಲಿದ್ದ ತಮ್ಮನ ಮನೆಗೆ ಹೊರಟಿದ್ದರು. ದುಬೈಯಲ್ಲಿ ಹದಿನಾಲ್ಕು ಗಂಟೆ. ‘ದೊಡ್ಡ ಪೆಟ್ಟಿಗೆ ಅಲ್ಲಿ ಸಿಗಲ್ಲ, ಬೇಕಾದ್ದನ್ನೆಲ್ಲ ಕೈಚೀಲದಲ್ಲಿ ಇಟ್ಕೊಳ್ಳಿ’ ಎಂದು ನಾನು ಹೇಳಿ ಕಳಿಸಿದೆ. ಅವರಿಗೆ ಬೇಕಾದದ್ದು ಒಂದು ಲೀಟರ್ ತುಪ್ಪ ಮತ್ತು ಒಂದು ಡಬ್ಬ ಪುಳಿಯೋಗರೆ ಗೊಜ್ಜು. ದ್ರವ ಪದಾರ್ಥ ಕೈಚೀಲದಲ್ಲಿ ಒಯ್ಯುವಂತಿಲ್ಲ ಎಂದು ಬೆಂಗಳೂರಿನ ತಪಾಸಣೆಯಲ್ಲೇ ತೆಗೆದಿಟ್ಟರು. ಮೂರು ತಿಂಗಳ ನಂತರ ಆಕೆ ವಾಪಸು ಬಂದು, ನಮ್ಮ ಮೆಟ್ಟಿಲು ಹತ್ತಿ, ನೀರನ್ನೂ ಕೇಳದೆ ಶುರುಮಾಡಿದರು.

‘ನೀವ್ ಏಳಿದ್ದಕ್ಕೇ ಅಲ್ವಾ ಇಟ್ಕೊಂಡಿದ್ದು? ನನ್ ಕಣ್ಮುಂದೇನೇ ಕಸದ ಡಬ್ಬಕ್ಕೆ ಆಕ್ಬುಟ್ಳು ಕಣ್ರೀ ಆ ಉಡುಗಿ. ಒಂದ್ ಸಾರಿ ಮೂಸಿ ನೋಡಿದ್ರೂ ನಂಗೆ ಸಮಾಧಾನ ಆಗ್ತಿತ್ತು.’

ತಪ್ಪು ನನ್ನದೇ. ‘ಬೇಕಾದ್ದು’ ಎಂದರೆ ಏನೆಂದು ನಾನು ಹೇಳಿರಲಿಲ್ಲ. ಅಂದೇ ಕೂತು ಒಂದು ಪಟ್ಟಿ ಟೈಪ್ ಮಾಡಿದೆ. ಪಾಸ್‌ಪೋರ್ಟ್, ಟಿಕೆಟ್, ಔಷಧಿ, ಒಂದು ಜೊತೆ ಬಟ್ಟೆ, ಸ್ವೆಟರ್, ಕನ್ನಡಕ, ಫೋನಿನ ಚಾರ್ಜರ್, ಒಣ ತಿಂಡಿ. ಹೀಗೆ ಎಂಟು ವಸ್ತು. ಕೊನೆಗೆ ದಪ್ಪ ಅಕ್ಷರದಲ್ಲಿ ‘ಇಷ್ಟನ್ನು ಬಿಟ್ಟು ಬೇರೇನನ್ನೂ ಕೈಚೀಲದಲ್ಲಿ ಇಡಕೂಡದು’ ಎಂದು ಸೇರಿಸಿದೆ. ಆ ಸಾಲು ಬರೆದಾಗ ನನಗೆ ನಾನೇ ಒಬ್ಬ ಅಧಿಕಾರಿಯಂತೆ ಕಂಡೆ.

ಆ ಪಟ್ಟಿ ಹಿಡಿದು ಎಷ್ಟೋ ಜನ ಎಷ್ಟೋ ಊರು ನೋಡಿ ಬಂದರು. ಎಲ್ಲರೂ ನೋಡಿದರು ಎಂದರೂ ತಪ್ಪಾದೀತು. ಸರಸ್ವತಿಪುರಂನ ಒಂದು ದಂಪತಿಯನ್ನು ಇಸ್ತಾಂಬುಲ್ಲಿನಲ್ಲಿ ಒಂಬತ್ತು ಗಂಟೆ ಹೊರಗೆ ಬಿಟ್ಟಿದ್ದೆ. ಆ ಒಂಬತ್ತರಲ್ಲಿ ಏಳನ್ನು ಅವರು ಮೊಸರನ್ನ ಹುಡುಕುವುದರಲ್ಲಿ ಕಳೆದರು. ಮೊಸರು ಸಿಕ್ಕಿತಂತೆ, ಅನ್ನವೂ ಸಿಕ್ಕಿತಂತೆ, ಎರಡೂ ಬೇರೆ ಬೇರೆ ಬೀದಿಯಲ್ಲಿ. ಆದರೂ ಪ್ರವಾಸ ಬಹಳ ಚೆನ್ನಾಗಿತ್ತೆಂದು ಊರೆಲ್ಲ ಹೇಳಿಕೊಂಡು ಬಂದು ನನಗೆ ಇನ್ನೂ ಆರು ಗ್ರಾಹಕರನ್ನು ಕಳಿಸಿದರು.

ಇನ್ನು ವಿದ್ವಾನ್ ನಾರಾಯಣಯ್ಯನವರ ವಿಷಯ. ಅವರ ಅಜ್ಜ ಅರಮನೆಯಲ್ಲಿ ಪುರಾಣ ಹೇಳುತ್ತಿದ್ದವರು. ಇವರು ಪಾಠಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾದವರು. ಎಪ್ಪತ್ತೆರಡರ ವಯಸ್ಸಿನಲ್ಲಿ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯವೊಂದು ಮೆಲ್ಬರ್ನಿಗೆ ಉಪನ್ಯಾಸಕ್ಕೆ ಕರೆದಿತ್ತು. ಹೆಂಡತಿಗೂ ಸೇರಿಸಿ ಟಿಕೆಟ್ ಕೊಡುವುದಾಗಿ ಹೇಳಿತ್ತು. ಅವರು ನಮ್ಮ ಮೆಟ್ಟಿಲು ಹತ್ತಿ ಬಂದು, ಉಸಿರು ಸುಧಾರಿಸಿಕೊಂಡು, ‘ಅತ್ಯಂತ ಕಡಿಮೆ ಕಾಲದಲ್ಲಿ ತಲುಪಿಸುವ ಮಾರ್ಗ ಯಾವುದೋ ಅದು ಬೇಕು’ ಎಂದರು. ನೋಡಿದೆ. ಸಿಂಗಪುರದಲ್ಲಿ ಎರಡೇ ಗಂಟೆ ಅಂತರದ ವಿಮಾನವಿತ್ತು, ಸೀಟೂ ಇತ್ತು. ‘ದರ ವಿಚಾರಿಸಿ ಇಡ್ತೀನಿ ಸಾರ್, ನಾಳೆ ಬನ್ನಿ’ ಎಂದೆ.

ಅದೇ ದಿನ ಮಧ್ಯಾಹ್ನ ಅವರ ಹೆಂಡತಿ ಸಾವಿತ್ರಮ್ಮ ಒಬ್ಬರೇ ಬಂದರು. ಕೈಯಲ್ಲಿ ಹೂವಿನ ಪೊಟ್ಟಣ. ಹೂವು ತರುವ ನೆಪ ಹೇಳಿ ಬಂದಿದ್ದರು.

‘ರತ್ನಮ್ಮ, ಸಿಂಗಪುರದಲ್ಲಿ ಒಂದು ದಿನ ಇರೋ ಹಾಗೆ ಮಾಡಕ್ಕಾಗತ್ತಾ? ನಮ್ಮನೆಯವರು ಕೇಳಿದ ಹಾಗೆ ಅಲ್ಲ. ಬೇರೆ ವಿಮಾನ ಇಲ್ಲ, ಅದೇ ಇರೋದು ಅನ್ನೋ ಹಾಗೆ.’

‘ಯಾಕಮ್ಮ, ಊರು ನೋಡ್ಬೇಕಾ?’

‘ಊರು ಯಾರಿಗೆ ಬೇಕು ಕಣಮ್ಮ. ನನ್ನ ತಂಗಿ ಲಲಿತ ಇದಾಳೆ ಅಲ್ಲಿ.’

ಲಲಿತ ಮೂವತ್ತೊಂದು ವರ್ಷದ ಹಿಂದೆ ಮೀನು ತಿನ್ನುವ ಮನೆಯ ಹುಡುಗನನ್ನು ಮದುವೆಯಾಗಿ ಊರು ಬಿಟ್ಟವಳು. ಅಕ್ಕತಂಗಿಯರ ತಂದೆ ದೊಡ್ಡ ಪಂಡಿತರು, ನಾರಾಯಣಯ್ಯನವರಿಗೆ ಮಾವನೂ ಹೌದು, ಪಾಠ ಹೇಳಿದ ಗುರುವೂ ಹೌದು. ಗುರುವಿನ ಮಾನ ಹೋಯಿತೆಂದು ಅಳಿಯ ಅಂದೇ ಶಪಥ ಮಾಡಿದ್ದರು. ಅವಳ ಮನೆಯ ಹೊಸ್ತಿಲನ್ನು ನಾವು ತುಳಿಯುವುದಿಲ್ಲ, ನಮ್ಮ ಹೊಸ್ತಿಲನ್ನು ಅವಳು ತುಳಿಯಕೂಡದು. ಗುರು ತೀರಿಕೊಂಡು ಇಪ್ಪತ್ತು ವರ್ಷವಾದರೂ ಶಿಷ್ಯನ ಶಪಥ ಗಟ್ಟಿಮುಟ್ಟಾಗಿತ್ತು.

‘ಫೋನಲ್ಲಿ ಮಾತಾಡ್ತೀವಿ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು’ ಎಂದರು ಸಾವಿತ್ರಮ್ಮ. ‘ಅವಳಿಗೆ ಜಡೆ ಹಾಕ್ತಿದ್ದೋಳು ನಾನು. ಈಗ ತಲೆ ಪೂರ್ತಿ ಬೆಳ್ಳಗಾಗಿದೆ ಅಂತಾಳೆ. ಒಂದ್ಸಲ ಮುಟ್ಟಿ ನೋಡ್ಬೇಕು ಅಷ್ಟೇ. ಇವರು ಹೋಟ್ಲಲ್ಲಿ ಮಲಗಿರೋವಾಗ ಎರಡು ಗಂಟೆ ಹೊರಗೆ ಹೋಗಿ ಬಂದ್ಬಿಡ್ತೀನಿ.’

ಗಂಡಸರು ಮಾಡುವ ಶಪಥಗಳನ್ನು ಹೆಂಗಸರು ಯಾಕೆ ಹೊರಬೇಕೋ ನನಗೆ ಇಂದಿಗೂ ಅರ್ಥವಾಗಿಲ್ಲ. ಮರುದಿನ ವಿದ್ವಾಂಸರು ಬಂದಾಗ ಮುಖ ನೋಡದೆ, ಆ ಹೊತ್ತಿಗೆ ಬಂದಿದ್ದ ಕಂಪ್ಯೂಟರಿನ ಪರದೆ ನೋಡುತ್ತಾ, ‘ಇರೋದು ಇದೊಂದೇ ಸಾರ್. ಬೆಳಿಗ್ಗೆ ಏಳಕ್ಕೆ ಸಿಂಗಪುರ, ಮುಂದಿನ ವಿಮಾನ ಮಾರನೇ ಬೆಳಿಗ್ಗೆ ಐದಕ್ಕೆ’ ಎಂದೆ.

‘ಇಪ್ಪತ್ತೆರಡು ಗಂಟೆ’ ಎಂದರು ಅವರು ತಕ್ಷಣ. ಪಂಚಾಂಗ ಗುಣಿಸುವವರು, ಲೆಕ್ಕ ತಪ್ಪುವುದಿಲ್ಲ. ‘ಬೇರೆ ಯಾವುದೂ ಇಲ್ಲವೇ?’

‘ಇಲ್ಲ ಸಾರ್.’

ಅವರು ತಲೆಯಾಡಿಸಿದರು. ಆಸ್ಟ್ರೇಲಿಯಾದ ವೀಸಾ ಕೈಯಲ್ಲಿದ್ದವರನ್ನು ಆಗ ಸಿಂಗಪುರದಲ್ಲಿ ಒಂದೆರಡು ದಿನ ಹೊರಗೆ ಬಿಡುತ್ತಿದ್ದರು. ಹೋಟೆಲಿನ ಕೋಣೆ ಗೊತ್ತು ಮಾಡಿದೆ, ನನ್ನ ಹೆಮ್ಮೆಯ ಪಟ್ಟಿಯನ್ನು ಕೈಗೆ ಕೊಟ್ಟೆ. ಅವರು ಅದನ್ನು ನಿಂತಲ್ಲೇ ಎರಡು ಸಲ ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಗುರುಮಲ್ಲಪ್ಪನವರು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ‘ಎರಡು ಗಂಟೆದು ಇತ್ತಲ್ಲಮ್ಮ?’ ಎಂದರು. ಕಾರಣ ಹೇಳಿದೆ. ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿ, ‘ಅಂಗಾರೆ ಸರಿ. ಸಿಕ್ಕಾಕ್ಕೊಂಡ್ರೆ ಮಾತ್ರ ನಾನ್ ಊರಲ್ಲಿಲ್ಲ’ ಎಂದರು.

ಅವರು ಹೊರಟ ಮರುದಿನ ಬೆಳಿಗ್ಗೆ ಹತ್ತಕ್ಕೆ ನಾನು ಆಫೀಸಿನ ಬೀಗ ತೆಗೆಯುತ್ತಿರುವಾಗಲೇ ಫೋನು. ಸಿಂಗಪುರದಲ್ಲಿ ಆಗ ಹನ್ನೆರಡೂವರೆ. ಸಾವಿತ್ರಮ್ಮನ ಧ್ವನಿ, ಹಿಂದೆ ನಲ್ಲಿಯ ಸದ್ದು.

‘ರತ್ನಮ್ಮ, ದೇವರು ದೊಡ್ಡ ಪೆಟ್ಟಿಗೇಲಿ ಹೋಗ್ಬಿಟ್ಟಿದೆ.’

ನನಗೆ ಅರ್ಥವಾಗಲು ಎರಡು ನಿಮಿಷ ಬೇಕಾಯಿತು. ವಿದ್ವಾಂಸರು ದಿನವೂ ಸಾಲಿಗ್ರಾಮದ ಪೂಜೆ ಮಾಡದೆ ಒಂದು ಗುಟುಕು ನೀರೂ ಕುಡಿಯುವವರಲ್ಲ. ಸಾಲಿಗ್ರಾಮವಿದ್ದ ಬೆಳ್ಳಿಯ ಸಂಪುಟ ನನ್ನ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಇಡಕೂಡದು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದವಳು ನಾನೇ. ಸೂತ್ರಕ್ಕೆ ಭಾಷ್ಯ ಬರೆಯುವ ಮನುಷ್ಯ ನನ್ನ ಸೂತ್ರವನ್ನು ಅಕ್ಷರಶಃ ಪಾಲಿಸಿದ್ದರು. ನನಗೆ ಇದು ಹೊಳೆಯದೇ ಹೋದದ್ದೇಕೆಂದರೆ ನಮ್ಮ ಮನೆಯ ದೇವರುಗಳು ಗೋಡೆಗೆ ಮೊಳೆ ಹೊಡೆಸಿಕೊಂಡು ನೇತಾಡುವವರು, ಎಲ್ಲಿಗೂ ಹೋಗುವವರಲ್ಲ. ಗುರುಮಲ್ಲಪ್ಪನವರ ದೇವರು ಕೊರಳಲ್ಲೇ ಇರುವವನು, ಎಲ್ಲಿಗೆ ಹೋದರೂ ಜೊತೆಗೇ ಇರುತ್ತಾನೆ. ಪೆಟ್ಟಿಗೆಯಲ್ಲಿ ಪ್ರಯಾಣ ಮಾಡುವ ದೇವರ ವಿಷಯ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

‘ನಿನ್ನೆ ಮಧ್ಯಾಹ್ನ ಊಟ ಮಾಡಿದ್ದು. ಸಕ್ಕರೆ ಕಾಯಿಲೆ ಬೇರೆ. ಮಾತ್ರೆ ತಗೊಳ್ಳಿ ಅಂದ್ರೆ ಕೈ ಅಡ್ಡ ಹಿಡೀತಾರೆ. ಕಣ್ಣು ಮುಚ್ಕೊಂಡು ಕೂತಿದಾರೆ. ಇವರನ್ನ ಹೀಗೆ ಬಿಟ್ಟು ನಾನು ಹೇಗೆ ಹೋಗ್ಲಿ? ಲಲಿತ ಕೆಳಗಡೆ ಹತ್ತು ಗಂಟೆಯಿಂದ ಕೂತಿದಾಳೆ.’

ವಿಮಾನ ಕಂಪನಿಗೆ ಫೋನ್ ಮಾಡಿದೆ, ಬೇಡಿಕೊಂಡೆ, ಜಗಳವಾಡಿದೆ. ಇಪ್ಪತ್ತೆರಡು ಗಂಟೆಯ ಪ್ರಯಾಣಿಕರ ಪೆಟ್ಟಿಗೆಯನ್ನು ಈಗ ಹೊರಗೆ ತೆಗೆಯಲಾಗದು ಎಂದು ಅವರು ಐದು ಸಲ ಐದು ರೀತಿಯಲ್ಲಿ ಹೇಳಿದರು. ಗೆರೆಯ ಈಚೆ ಎರಡು ಗಂಟೆಯಷ್ಟು ಕಡಿಮೆ ಇಟ್ಟವಳೂ ನಾನೇ. ಒಂದು ದಿನ ದಾಟಿಸಿದರೆ ವಿದ್ವಾಂಸರಿಗೆ ಅನುಮಾನ ಬಂದೀತೆಂದು ಜಾಣತನ ಮಾಡಿದ್ದೆ.

ಸಾವಿತ್ರಮ್ಮನಿಗೆ ಮತ್ತೆ ಫೋನ್ ಮಾಡಿದಾಗ ಅವರ ಧ್ವನಿ ತುಂಬ ಸಣ್ಣದಾಗಿತ್ತು. ‘ಲಲಿತಂಗೆ ಫೋನಲ್ಲಿ ಹೇಳಿದೆ. ಅವಳು ಏನೂ ಹೇಳ್ದೆ ಇಟ್ಬಿಟ್ಳು, ಕೆಳಗಡೆ ಕೇಳಿದ್ರೆ ಎದ್ದು ಹೋದ್ರು ಅಂದ್ರು. ಕೋಪ ಬಂತೋ ಏನೋ. ಮುಖಾನೂ ನೋಡ್ಲಿಲ್ಲ ಕಣಮ್ಮ ನಾನು’ ಎಂದರು. ಹಿಂದೆ ನಲ್ಲಿಯ ಸದ್ದು ಇರಲಿಲ್ಲ. ಬಚ್ಚಿಡುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದುಕೊಂಡೆ. ಅಂದು ಊಟದ ಡಬ್ಬಿಯನ್ನು ತೆರೆಯದೆ ಹಾಗೇ ಮನೆಗೆ ತೆಗೆದುಕೊಂಡು ಹೋದೆ. ಆಮೇಲೆ ಫೋನು ಸಿಗಲಿಲ್ಲ.

ಹದಿನೇಳು ದಿನದ ನಂತರ ವಿದ್ವಾಂಸರು ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಗುರುಮಲ್ಲಪ್ಪನವರು ಮಾತಿಗೆ ತಪ್ಪದೆ ಹಿಂದಿನ ಕೋಣೆಗೆ ಹೋಗಿ ಊರಲ್ಲಿಲ್ಲದವರಾದರು. ವಿದ್ವಾಂಸರು ನನ್ನ ಪಟ್ಟಿಯನ್ನು ಜೇಬಿನಿಂದ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲಿಟ್ಟರು.

‘ಇದರಲ್ಲಿ ಎಂಟು ಪದಾರ್ಥ ಇದೆ. ದೇವರಿಲ್ಲ.’

‘ತಪ್ಪಾಯ್ತು ಸಾರ್.’

‘ಕೊನೆಯ ಸಾಲು ಇಲ್ಲದಿದ್ದರೆ ನಾನೇ ಇಟ್ಟುಕೊಳ್ಳುತ್ತಿದ್ದೆ. ನಿಷೇಧ ಸ್ಪಷ್ಟವಾಗಿತ್ತು.’

ಅವರು ನೀರು ಕೇಳಿ ಕುಡಿದು, ಪಾಠ ಹೇಳುವ ಧ್ವನಿಯಲ್ಲೇ ಮುಂದುವರಿಸಿದರು.

‘ಆ ದಿನ ಎರಡು ಗಂಟೆಯ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ನಾನೇ ಎದ್ದು ತೆಗೆದೆ. ಲಲಿತ ನಿಂತಿದ್ದಳು, ಕೈಯಲ್ಲಿ ಊಟದ ಚೀಲ. ನನಗೆ ಮೊದಲು ಗುರುತೇ ಸಿಕ್ಕಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿದೆ. ಭಾವ, ಒಳಗೆ ಬರಲಾ, ಇಲ್ಲೇ ಇಟ್ಟು ಹೋಗಲಾ ಅಂತ ಕೇಳಿದಳು. ಅಡಿಗೆ ತಂದಿದ್ದಾಳೆ ಅಂದುಕೊಂಡು ಬೇಡ ಎನ್ನಲು ಬಾಯಿ ತೆರೆದೆ. ಅವಳು ಚೀಲ ಬಿಚ್ಚಿದಳು. ಒಳಗೆ ನಮ್ಮ ಗುರುಗಳ ಸಾಲಿಗ್ರಾಮದ ಸಂಪುಟ.’

‘ಅದು ಅವರದ್ದೇ ಅಂತ ಹೇಗೆ ಗೊತ್ತಾಯ್ತು ಸಾರ್?’

‘ಮುಚ್ಚಳದ ಮೇಲೆ ಒಂದು ನಗ್ಗು ಇದೆ. ಹದಿನಾರನೇ ವಯಸ್ಸಿನಲ್ಲಿ ಹುಣಸೆಹಣ್ಣು ಹಾಕಿ ಉಜ್ಜುವಾಗ ನಾನೇ ಬೀಳಿಸಿದ್ದು. ಅದನ್ನು ಕಾವೇರಿಗೆ ಬಿಟ್ಟೆ ಅಂತ ಗುರುಗಳು ನಮಗೆಲ್ಲ ಹೇಳಿದ್ದರು. ಬಿಟ್ಟಿರಲಿಲ್ಲ. ಅವಳು ಊರು ಬಿಟ್ಟ ದಿನ ರೈಲ್ವೆ ಸ್ಟೇಷನ್ನಿಗೆ ಹೋಗಿ, ಯಾರಿಗೂ ಹೇಳಬೇಡ ಅಂತ ಅವಳ ಕೈಗೆ ಕೊಟ್ಟು ಬಂದಿದ್ದರಂತೆ. ಅವಳು ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ.’

ಮೇಜಿನ ಮೇಲಿದ್ದ ಪಟ್ಟಿಯನ್ನು ಮತ್ತೆ ಮಡಿಸಿದರು. ‘ಗುರುಗಳು ಅವಳನ್ನು ಅಂದೇ ಒಪ್ಪಿದ್ದರು. ನಾನು ಅವರ ಮಾನ ಕಾಯುತ್ತೇನೆ ಅಂತ ಮೂವತ್ತೊಂದು ವರ್ಷ ಬಾಗಿಲಲ್ಲಿ ಕೂತಿದ್ದೆ. ಯಾರೂ ನನ್ನನ್ನು ಕೂರಿಸಿರಲಿಲ್ಲ.’

‘ಪೂಜೆ ಆಯ್ತಾ ಸಾರ್?’ ಇದೊಂದೇ ನನ್ನ ಬಾಯಿಗೆ ಬಂದದ್ದು.

‘ಹೋಟೆಲಿನ ಮೇಜಿನ ಮೇಲೆ ಆಯಿತು. ಆಮೇಲೆ ಊಟ. ನಮ್ಮವಳು ಅವಳಿಗೆ ಜಡೆ ಹಾಕಿದಳು. ಅಷ್ಟು ಹೊತ್ತೂ ಇಬ್ಬರೂ ಅಳುತ್ತಿದ್ದರು. ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ.’

ನನಗೂ ಅಳು ಬಂತು. ವೃತ್ತಿಯಲ್ಲಿ ಗ್ರಾಹಕರ ಎದುರು ಅತ್ತದ್ದು ಅದೊಂದೇ ಸಲ. ಹಿಂದಿನ ಕೋಣೆಯಲ್ಲಿ ಗುರುಮಲ್ಲಪ್ಪನವರು ಮೂಗು ಸೀಟಿದ ಶಬ್ದವೂ ಕೇಳಿಸಿತು, ಊರಲ್ಲಿಲ್ಲದಿದ್ದರೂ. ಆದರೆ ವಿದ್ವಾಂಸರು ಮುಗಿಸಿರಲಿಲ್ಲ.

‘ಮೆಲ್ಬರ್ನಿಗೆ ಬೆಂಗಳೂರಿನ ಇನ್ನೊಬ್ಬರು ವಿದ್ವಾಂಸರೂ ಬಂದಿದ್ದರು. ಸಿಂಗಪುರದಲ್ಲಿ ಎರಡೇ ಗಂಟೆ ಇದ್ದರಂತೆ. ಆ ವಿಮಾನದಲ್ಲಿ ನಮಗೆ ಸ್ಥಳ ಇರಲಿಲ್ಲವೇ?’

ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ‘ಇತ್ತು ಸಾರ್’ ಎಂದೆ.

‘ಹೂಂ’ ಎಂದರು. ‘ಗುರುಗಳು ಸುಳ್ಳು ಹೇಳಿದ್ದರು. ಹೆಂಡತಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಸುಳ್ಳು ಹೇಳಿದಳು. ನೀವೂ ಹೇಳಿದಿರಿ. ಇಷ್ಟು ಜನರ ನಡುವೆ ನಾನೊಬ್ಬನೇ ನಿಜ ಹೇಳಿಕೊಂಡು ಓಡಾಡುತ್ತಿದ್ದೆ.’

ಅವರಿಗೆ ನಗು ಬಂತೋ ಏನೋ, ಮೀಸೆಯಿಲ್ಲದ ತುಟಿ ಅಲುಗಿತು. ಆಮೇಲೆ ಜೇಬಿನಿಂದ ಇನ್ನೊಂದು ಕಾಗದ ತೆಗೆದರು. ಮುಂದಿನ ವರ್ಷವೂ ಉಪನ್ಯಾಸಕ್ಕೆ ಬರಬೇಕೆಂದು ಅದೇ ವಿಶ್ವವಿದ್ಯಾಲಯದ ಪತ್ರ.

‘ಈ ಸಲ ಇಪ್ಪತ್ತನಾಲ್ಕು ಗಂಟೆ ದಾಟಲಿ ರತ್ನಮ್ಮನವರೇ. ಪೆಟ್ಟಿಗೆ ಹೊರಗೆ ಬರಬೇಕು. ಹೋಟೆಲು ಬೇಡ, ಲಲಿತಳ ಮನೆಯಲ್ಲಿ ಮೂರು ದಿನ ಇರುತ್ತೇವೆ.’

ನಾನು ಕಣ್ಣು ಒರೆಸಿಕೊಂಡು ಪರದೆ ನೋಡಿದೆ. ಇನ್ನು ಇವರಿಗೆ ಏನನ್ನೂ ಮುಚ್ಚಿಡಬಾರದು ಎಂದು ತೀರ್ಮಾನಿಸಿ, ‘ಎರಡು ಗಂಟೆಯದೂ ಇದೆ ಸಾರ್, ಸೀಟೂ ಇದೆ’ ಎಂದು ಪ್ರಾಮಾಣಿಕವಾಗಿ ಹೇಳಿದೆ.

ವಿದ್ವಾಂಸರು ಬಾಗಿಲ ಕಡೆ ಒಮ್ಮೆ ನೋಡಿ, ಮೇಜಿನ ಮೇಲೆ ಬಾಗಿ, ದನಿ ತಗ್ಗಿಸಿದರು.

‘ಟಿಕೆಟ್ ಕೊಡುವವರು ವಿಶ್ವವಿದ್ಯಾಲಯದವರು. ನಡುವೆ ಮೂರು ದಿನ ಯಾಕೆ ಅಂತ ನಿಮಗೆ ಫೋನ್ ಮಾಡಿ ಕೇಳಬಹುದು. ಹೋದ ಸಲ ನನಗೆ ಏನು ಹೇಳಿದಿರೋ ಅದನ್ನೇ ಅವರಿಗೂ ಹೇಳಿಬಿಡಿ.’